ವಿಜ್ಞಾನ ಗೊತ್ತಿಲ್ಲದ ಮುಖ್ಯ ಶಿಕ್ಷಕಿ ವಿಜ್ಞಾನ ಮೇಷ್ಟ್ರಿಗೆ ಏನು ಹೇಳಬಹುದು?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿ, ಎರಡು ವರ್ಷದ ಹಿಂದೆ ಬಡ್ತಿ ಪಡೆದೆ. ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಮಕ್ಕಳು ಜಾಸ್ತಿ ಎಡವುವುದು ವಿಜ್ಞಾನದಲ್ಲೇ. ಐದು ದಿನದ ನಾಯಕತ್ವ ತರಬೇತಿಗೆ ಹೋಗಿ ಬಂದೆ. ವಿಷನ್, ಟೀಮ್ ವರ್ಕ್ ಎಂದೆಲ್ಲ ಹೇಳಿದರು, ವಿಜ್ಞಾನದ ಮಾತೇ ಬರಲಿಲ್ಲ. ವಾಪಸ್ ಬಂದು ವಿಜ್ಞಾನ ತರಗತಿಯ ಹಿಂದೆ ಕೂತರೆ ನಮ್ಮ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಮೇಷ್ಟ್ರು ನೋಟ್ಸ್ ಬರೆಸಲು ಶುರು ಮಾಡುತ್ತಾರೆ. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯರು. "ಲ್ಯಾಬ್ ಇಲ್ಲ ಮೇಡಂ. ಪ್ರಯೋಗ ಅಂತ ಕೂತ್ರೆ ಸಿಲಬಸ್ ಮುಗಿಯಲ್ಲ" ಅನ್ನುತ್ತಾರೆ. ಹಳೇ ವಿಜ್ಞಾನ ಕಿಟ್ ಬೀರುವಿನಲ್ಲಿದೆ, ಬೀಗ ಹಾಕಿದೆ. ಒಬ್ಬ ದಾನಿಗಳು ಸ್ಮಾರ್ಟ್ ಬೋರ್ಡ್ ಕೊಡುತ್ತೇನೆ ಅಂದಿದ್ದಾರೆ. ಓಮ್‌ನ ನಿಯಮ ಏನು ಎಂದು ನೀವು ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಂಥವಳು ವಿಜ್ಞಾನ ಮೇಷ್ಟ್ರಿಗೆ ಏನು ಹೇಳಲಿ? ನಾನೇ ವಿಜ್ಞಾನ ಕಲಿಯಬೇಕಾ? ಇಲ್ಲ, ಇನ್ನೊಂದು ತರಬೇತಿಗೆ ಹೋಗಬೇಕಾ?

ಉತ್ತರ: ಮೇಡಂ, ಮೊದಲು ಆ ಬೀರುವಿನ ಬೀಗ ತೆಗೆಸಿ. ಕಿಟ್‌ನಿಂದ ಒಂದು ಟಾರ್ಚ್ ಬಲ್ಬ್, ಒಂದು ಗೇಣು ವೈರ್ ತೆಗೆದುಕೊಳ್ಳಿ. ಅಂಗಡಿಯಿಂದ ಒಂದೂವರೆ ವೋಲ್ಟಿನ ಒಂದು ಸೆಲ್ ತರಿಸಿ. ಹೋಲ್ಡರ್ ಬೇಡ, ಎರಡನೇ ವೈರೂ ಬೇಡ. ಇಷ್ಟರಲ್ಲೇ ಬಲ್ಬ್ ಹೊತ್ತಿಸಿ ನೋಡಿ.

ನಗಬೇಡಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮುಖ್ಯ ಶಿಕ್ಷಕರ ಜೊತೆ ಕೆಲಸ ಮಾಡುವಾಗೆಲ್ಲ ನಾನು ಇದನ್ನು ಕೊಟ್ಟಿದ್ದೇನೆ. ಬಿ.ಎಸ್ಸಿ. ಮಾಡಿದವರೂ ಬೆವರಿದ್ದಾರೆ. ಹೆಚ್ಚಿನವರು ಬಲ್ಬಿನ ಕೆಳತುದಿಯನ್ನೇ ಸೆಲ್ಲಿಗೂ ಮುಟ್ಟಿಸುತ್ತಾರೆ, ವೈರನ್ನೂ ಅಲ್ಲಿಗೇ ತರುತ್ತಾರೆ. ಬಲ್ಬಿಗೆ ಎರಡು ಬಾಗಿಲು ಇವೆ: ಕೆಳಗಿನ ಬೆಸುಗೆ ಚುಕ್ಕೆ ಒಂದು, ಪಕ್ಕದ ಲೋಹದ ಸುತ್ತು ಇನ್ನೊಂದು. ಕರೆಂಟು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡಬೇಕು. ಹತ್ತು ನಿಮಿಷ ಒದ್ದಾಡಿ ನೀವೇ ಕಂಡುಕೊಂಡರೆ ಅದು ಮರೆಯುವುದಿಲ್ಲ. ವೈರ್ ಬಿಸಿಯಾದರೆ ತಕ್ಷಣ ಬಿಡಿ. ಆಗ ಕರೆಂಟು ಬಲ್ಬಿನ ಒಳಗೆ ಹೋಗದೆ ಅಡ್ಡದಾರಿ ಹಿಡಿದಿದೆ ಅಂತ ಅರ್ಥ.

ಈಗ ನಿಮ್ಮ ಚಿಂತೆಗೆ ಬರೋಣ. ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಾಣುತ್ತದೆ, ಒಳಗೆ ಮೂರು ಇವೆ. ವಿಷಯ ಗೊತ್ತಿಲ್ಲದ ನನಗೆ ಮಾತನಾಡುವ ಹಕ್ಕಿದೆಯಾ? ತರಬೇತಿ ಯಾಕೆ ಕೈ ಹಿಡಿಯಲಿಲ್ಲ? ಲ್ಯಾಬೂ ಟೈಮೂ ಇಲ್ಲ ಅನ್ನುವುದು ನಿಜವಾ, ನೆಪವಾ?

ಮೊದಲನೆಯದಕ್ಕೆ ತರಬೇತಿಗಳಲ್ಲಿ ಸಿಗುವ ಸಿದ್ಧ ಉತ್ತರ ಒಂದಿದೆ. "ನಾಯಕರಿಗೆ ವಿಷಯ ಗೊತ್ತಿರಬೇಕಿಲ್ಲ, ಜನರನ್ನು ನಡೆಸಲು ಬಂದರೆ ಸಾಕು." ಇದು ಅರ್ಧ ನಿಜ. ಉಳಿದರ್ಧ ಏನು ಅಂತ ನನ್ನದೇ ತಪ್ಪಿನಿಂದ ಹೇಳುತ್ತೇನೆ.

ಬಹಳ ವರ್ಷದ ಹಿಂದೆ ಒಂದು ಶಾಲೆಯಲ್ಲಿ ಪಾಠ ವೀಕ್ಷಣೆಗೆ ಕೂತಿದ್ದೆ. ಕೈಯಲ್ಲಿ ಉದ್ದನೆಯ ನಮೂನೆ. ಪಾಠ ಯೋಜನೆ ಇದೆಯೇ, ಬೋಧನೋಪಕರಣ ಬಳಸಿದರೇ, ಮಕ್ಕಳು ಚಟುವಟಿಕೆಯಿಂದಿದ್ದರೇ. ಆ ಮೇಡಂ ಮಕ್ಕಳ ಕೈಯಿಂದಲೇ ಬಲ್ಬ್ ಹೊತ್ತಿಸಿದರು. ತರಗತಿಯಲ್ಲಿ ಜಾತ್ರೆಯ ಗದ್ದಲ. ನಾನು ಎಲ್ಲ ಕಾಲಮ್ಮಿಗೂ 'ಹೌದು' ಹಾಕಿ, ಷರಾದಲ್ಲಿ 'ಉತ್ತಮ' ಎಂದು ಬರೆದೆ. ಹೊರಗೆ ಬರುವಾಗ ಸುಮ್ನೆ ಒಬ್ಬ ಹುಡುಗಿಯನ್ನು ಕೇಳಿದೆ, "ಎರಡು ವೈರ್ ಯಾಕಮ್ಮ ಬೇಕು?" ಅವಳು ತಡವರಿಸದೆ ಹೇಳಿದಳು: "ಒಂದ್ರಿಂದ ಪ್ಲಸ್ ಕರೆಂಟ್ ಬರುತ್ತೆ ಸಾರ್, ಇನ್ನೊಂದ್ರಿಂದ ಮೈನಸ್ ಕರೆಂಟ್. ಎರಡೂ ಬಲ್ಬಲ್ಲಿ ಡಿಕ್ಕಿ ಹೊಡೆದು ಬೆಳಕಾಗುತ್ತೆ." ಪಕ್ಕದ ಮೂವರೂ ಹೌದು ಹೌದು ಅಂದರು. ಇದು ಆ ಹುಡುಗಿಯ ದಡ್ಡತನವಲ್ಲ. ಜಗತ್ತಿನ ಎಷ್ಟೋ ಕಡೆ ಮಕ್ಕಳು ಇದೇ ತಪ್ಪು ಕಲ್ಪನೆ ಮಾಡಿಕೊಳ್ಳುತ್ತಾರೆ. ಆದರೆ ನನ್ನ ನಮೂನೆಯಲ್ಲಿ ಅದನ್ನು ಹಿಡಿಯುವ ಕಾಲಮ್ಮೇ ಇರಲಿಲ್ಲ. ಕೈ ಓಡುತ್ತಿತ್ತು, ತಲೆ ಎಲ್ಲಿತ್ತು ಅಂತ ಯಾರೂ ನೋಡಲಿಲ್ಲ.

ಹಾಗಾಗಿ ನನ್ನ ಉತ್ತರ ಇದು. ನೀವು ಹತ್ತನೇ ತರಗತಿಯ ಪುಸ್ತಕವನ್ನು ಪೂರ್ತಿ ಕಲಿಯಬೇಕಿಲ್ಲ. ಆದರೆ ಒಂದು ಅಧ್ಯಾಯವನ್ನಾದರೂ ವಿದ್ಯಾರ್ಥಿಯಂತೆ ಕೂತು, ಅರ್ಥವಾಗುವ ತನಕ ಬಿಡದೆ ಕಲಿಯಿರಿ. ಆಗ ಮಗುವಿಗೆ ಎಲ್ಲಿ ತೊಡಕಾಗುತ್ತದೆ ಅಂತ ನಿಮಗೆ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರಿಗೆ ಆ ತೊಡಕು ಮರೆತುಹೋಗಿರುತ್ತದೆ. ನಿಮಗೆ ಗೊತ್ತಿಲ್ಲದಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಮಾತ್ರ ತೊಂದರೆ.

ಇನ್ನು ನಿಮ್ಮ ಸಿಬಿಝಡ್ ಮೇಷ್ಟ್ರು. ಅವರನ್ನು ಸೋಮಾರಿ ಎಂದು ತೀರ್ಮಾನಿಸುವ ಮೊದಲು ಒಂದು ವಿಷಯ ಯೋಚಿಸಿ. ಅವರು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಭೌತಶಾಸ್ತ್ರದ ಓದು ಪಿಯುಸಿಗೇ ಮುಗಿದಿರುತ್ತದೆ. ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಮೇಷ್ಟ್ರು ಗಣಿತದಲ್ಲೇ ಮುಳುಗಿರುತ್ತಾರೆ, ಬೆಳಕು, ವಿದ್ಯುಚ್ಛಕ್ತಿ, ಕಾಂತೀಯ ಪರಿಣಾಮ ಎಲ್ಲವೂ ಸಿಬಿಝಡ್‌ನವರ ತಲೆಗೆ ಬರುತ್ತದೆ. ಜೀವಕ್ರಿಯೆಗಳ ಪಾಠದಲ್ಲಿ ಅವರು ಹೇಗಿರುತ್ತಾರೆ, ವಿದ್ಯುಚ್ಛಕ್ತಿಯಲ್ಲಿ ಹೇಗಿರುತ್ತಾರೆ, ಎರಡನ್ನೂ ಒಮ್ಮೆ ನೋಡಿ. ನೋಟ್ಸ್ ಬರೆಸುವುದು ಎಷ್ಟೋ ಸಲ ಸೋಮಾರಿತನವಲ್ಲ, ಆಸರೆ. ಬರೆಯುತ್ತಿರುವ ಮಗು ಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಹಿಂದಿನ ಬೆಂಚಿನಲ್ಲಿ ಎಚ್.ಎಂ. ಕೂತಿರುವಾಗ ಆ ಆಸರೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ನಿಮ್ಮ ತರಬೇತಿಯ ಬಗ್ಗೆ. ನಮ್ಮಲ್ಲಿ ಅವಕಾಶಗಳಿಗೆ ಕೊರತೆ ಇಲ್ಲ. ಶಿಕ್ಷಣ ಯೋಜನೆ, ಆಡಳಿತಕ್ಕೆಂದೇ ದೆಹಲಿಯಲ್ಲಿರುವ ನೀಪಾ ಸಂಸ್ಥೆಯಲ್ಲಿ ಶಾಲಾ ನಾಯಕತ್ವಕ್ಕೇ ಒಂದು ರಾಷ್ಟ್ರೀಯ ಕೇಂದ್ರ 2012ರಿಂದ ಇದೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ ಶಿಕ್ಷಕರ ಜೊತೆ ಮುಖ್ಯ ಶಿಕ್ಷಕರನ್ನೂ ಸೇರಿಸಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಇರಬೇಕು ಅನ್ನುತ್ತದೆ. ತೊಂದರೆ ಎಲ್ಲಿದೆ ಅಂದರೆ, ಎಚ್.ಎಂ. ಒಂದು ಕಡೆ ನಾಯಕತ್ವ ಕಲಿಯುತ್ತಾರೆ, ವಿಜ್ಞಾನ ಮೇಷ್ಟ್ರು ಇನ್ನೊಂದು ಕಡೆ ವಿಜ್ಞಾನ ಕಲಿಯುತ್ತಾರೆ. ಇಬ್ಬರೂ ಒಂದೇ ಶಾಲೆಯವರು, ಆದರೆ ಒಂದೇ ವಿಷಯದ ಮೇಲೆ ಒಟ್ಟಿಗೆ ಕೂತಿದ್ದೇ ಇಲ್ಲ. ಒ.ಒ.ಡಿ. (ಶಾಲೆಯ ಹೊರಗಿನ ಅಧಿಕೃತ ಕರ್ತವ್ಯ) ಮುಗಿಸಿ ಬಂದ ಮೇಲೆ ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ.

ನ್ಯೂಜಿಲೆಂಡಿನ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಶಾಲಾ ನಾಯಕತ್ವದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ನಂಟು ಕಂಡಿದ್ದು ಒಂದಕ್ಕೆ: ಶಿಕ್ಷಕರ ಕಲಿಕೆಯನ್ನು ಬೆಂಬಲಿಸಿ, ತಾವೂ ಅದರಲ್ಲಿ ಭಾಗವಹಿಸುವುದು. ಶಿಕ್ಷಕರನ್ನು ತರಬೇತಿಗೆ ಕಳಿಸುವುದಲ್ಲ, ಜೊತೆಗೆ ಕೂರುವುದು. ನಿಮ್ಮ ಮುಂದಿನ ತರಬೇತಿ ಯಾವುದೇ ಇರಲಿ, ಮೇಷ್ಟ್ರನ್ನೂ ಕರೆದುಕೊಂಡು ಹೋಗುವ ಹಾಗಿದ್ದರೆ ಹೋಗಿ. ಇಲ್ಲದಿದ್ದರೆ ಸರ್ಟಿಫಿಕೇಟ್ ಬರುತ್ತದೆ, ಅಷ್ಟೇ.

ಈಗ ಲ್ಯಾಬ್. "ಲ್ಯಾಬ್ ಇಲ್ಲದೆ ವಿಜ್ಞಾನ ಆಗಲ್ಲ" ಅನ್ನುವ ಮಾತು ಮೂಡಿಗೆರೆಯಲ್ಲಿ ಕೂತು ಹೇಳಿದರೆ ನನಗೆ ನಗು ಬರುತ್ತದೆ. ನಿಮ್ಮ ಮಕ್ಕಳ ಮನೆಯ ಅಂಗಳದಲ್ಲೇ ಹತ್ತನೇ ತರಗತಿಯ ಮೊದಲ ಅಧ್ಯಾಯ ನಡೆಯುತ್ತಿದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ, ಕಾಫಿಗೆ ಎಲೆ ತುಕ್ಕು ಹತ್ತದ ಹಾಗೆ ಬೋರ್ಡೋ ಹೊಡೆಯುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಒಂದು ಪರ್ಸೆಂಟ್ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅನುಭವಸ್ಥರು ಒಂದು ಕಬ್ಬಿಣದ ಚಾಕುವನ್ನು ಅದ್ದಿ ನೋಡುತ್ತಾರೆ. ಚಾಕುವಿನ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇನ್ನಷ್ಟು ಸುಣ್ಣ ಹಾಕುತ್ತಾರೆ.

ಅದೇ ಮೇಡಂ, ಪುಸ್ತಕದ ಸ್ಥಾನಪಲ್ಲಟ ಕ್ರಿಯೆ! ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಮೊಳೆಗೆ ಕಂದುಗೆಂಪು ಲೇಪ ಬರುತ್ತದೆ, ದ್ರಾವಣದ ನೀಲಿ ಮಾಸಿ ತಿಳಿ ಹಸಿರಾಗುತ್ತದೆ. ಕಬ್ಬಿಣ ತಾಮ್ರಕ್ಕಿಂತ ಚುರುಕು, ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ಮಕ್ಕಳು ಇದನ್ನು ಸಮೀಕರಣವಾಗಿ ಬಾಯಿಪಾಠ ಮಾಡಿರುತ್ತಾರೆ. ಅಪ್ಪ ಚಾಕು ಅದ್ದುವುದನ್ನೂ ನೋಡಿರುತ್ತಾರೆ. ಎರಡೂ ಒಂದೇ ಅಂತ ಯಾರೂ ಹೇಳಿರುವುದಿಲ್ಲ. ಇಲ್ಲಿ ಒಳ್ಳೆಯ ಪ್ರಶ್ನೆ ಯಾವುದು ಗೊತ್ತಾ? "ಸರಿಯಾಗಿ ಮಾಡಿದ ಬೋರ್ಡೋದಲ್ಲೂ ತಾಮ್ರ ಇದ್ದೇ ಇದೆ. ಹಾಗಿದ್ದರೆ ಚಾಕು ಯಾಕೆ ಕೆಂಪಾಗಲ್ಲ?" ಸುಣ್ಣ ಸೇರಿದಾಗ ತಾಮ್ರ ನೀರಿನಲ್ಲಿ ಕರಗದ ರೂಪಕ್ಕೆ ಬಂದುಬಿಡುತ್ತದೆ, ಕಬ್ಬಿಣಕ್ಕೆ ಸಿಗುವುದಿಲ್ಲ. ಈ ಉತ್ತರಕ್ಕೆ ಮಕ್ಕಳು ತಾವೇ ಹತ್ತಿರ ಬರುತ್ತಾರಾ ನೋಡಿ. ನಿಮ್ಮ ಮೇಷ್ಟ್ರು ರಸಾಯನಶಾಸ್ತ್ರದವರು, ಅವರ ಕಣ್ಣು ಅರಳುವ ಜಾಗ ಇದು. ಶುರು ಇಲ್ಲಿಂದಲೇ ಮಾಡಿ, ವಿದ್ಯುಚ್ಛಕ್ತಿ ಆಮೇಲೆ ನೋಡೋಣ. ಒಂದು ಎಚ್ಚರಿಕೆ: ಮೈಲುತುತ್ತ ವಿಷ. ಸಣ್ಣ ಪ್ರಮಾಣ ಸಾಕು, ಕೈ ತೊಳೆಸಬೇಕು, ಬಿಸಿಯೂಟದ ಪಾತ್ರೆ ಲೋಟ ಹತ್ತಿರ ಸುಳಿಯಬಾರದು.

ಮಳೆಯನ್ನೂ ಬಿಡಬೇಡಿ. "ನಮ್ಮಲ್ಲಿ ನಿನ್ನೆ ಎರಡು ಇಂಚು ಮೂವತ್ತು ಸೆಂಟ್ ಆಯ್ತು" ಅನ್ನುವ ಮಾತು ನಿಮ್ಮ ಕಡೆ ಟೀ ಅಂಗಡಿಯಲ್ಲೂ ಕೇಳುತ್ತದೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಮಳೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟ ಎಸ್ಟೇಟುಗಳು ಸುತ್ತ ಇವೆ. ಎಂಟನೇ ತರಗತಿಯವರಿಗೆ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ತಾರೀಖು, ಹೂ ಅರಳಿದ ತಾರೀಖು ಹೋಲಿಸುವ ಕೆಲಸ ಕೊಡಬಹುದು. ಇದಕ್ಕೆ ಯಾವ ಲ್ಯಾಬ್ ಬೇಕು?

ಟೈಮ್ ಇಲ್ಲ ಅನ್ನುವ ಮಾತು ಮಾತ್ರ ನೆಪವಲ್ಲ. ನಿಮ್ಮ ಕಡೆ ಜುಲೈ, ಆಗಸ್ಟಿನಲ್ಲಿ ಮಳೆ ರಜೆಗಳೇ ಎಷ್ಟೊಂದು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಾಜರಿ ಕರೆದು, ಸಾಮಾನು ಹಂಚಿ, ಪ್ರಯೋಗ ಮಾಡಿ, ಮಾತನಾಡುವುದು ಆಗದ ಮಾತು. ಆದರೆ ವೇಳಾಪಟ್ಟಿ ಯಾರ ಕೈಯಲ್ಲಿದೆ? ನಿಮ್ಮ ಕೈಯಲ್ಲಿ. ವಾರಕ್ಕೆ ಒಂದು ಜೋಡಿ ಪಿರಿಯಡ್ ವಿಜ್ಞಾನಕ್ಕೆ ಕೊಡಿ. ಆ ಹೊತ್ತಿನಲ್ಲಿ ಮೇಷ್ಟ್ರನ್ನು ಆನ್‌ಲೈನ್ ಮಾಹಿತಿ ತುಂಬಲು, ಬ್ಯಾಂಕಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕಳಿಸಬೇಡಿ. ಓಮ್‌ನ ನಿಯಮ ಗೊತ್ತಿಲ್ಲದೆಯೂ ಮಾಡಬಹುದಾದ ಕೆಲಸ ಇದು. ಸುಲಭ ಅಂತ ಹೇಳುತ್ತಿಲ್ಲ, ಗಣಿತದ ಮೇಷ್ಟ್ರು ಮುನಿಸಿಕೊಳ್ಳಬಹುದು.

ಪಾಠದ ಎಲ್ಲ ಚಟುವಟಿಕೆಯನ್ನೂ ಮಾಡಿಸಲು ಹೋಗಬೇಡಿ. ಅಧ್ಯಾಯಕ್ಕೆ ಒಂದೇ ಒಂದು. ಅದನ್ನು ಹೀಗೆ ನಡೆಸಿ ನೋಡಿ. ಪಾಠಕ್ಕೆ ಎರಡು ದಿನ ಮುಂಚೆ ಮೇಷ್ಟ್ರ ಬಳಿ ಹೋಗಿ, ನಿಮ್ಮ ಕೋಣೆಗೆ ಕರೆಸಬೇಡಿ. "ಸಾರ್, ನಾನು ಕನ್ನಡದವಳು. ಈ ಪ್ರಯೋಗ ನನಗೆ ಮಾಡಿ ತೋರಿಸ್ತೀರಾ? ಮಕ್ಕಳು ಎಲ್ಲಿ ತಪ್ಪು ತಿಳ್ಕೋಬಹುದು?" ಅಂತ ಕೇಳಿ. ನಿಜವಾಗಿ ಕಲಿಯಲು ಕೇಳಿ. ನಾಟಕವಾದರೆ ಹಿರಿಯರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪಾಠದ ದಿನ ಹಿಂದಿನ ಬೆಂಚು ಬಿಡಿ, ಮಕ್ಕಳ ಗುಂಪಿನ ಪಕ್ಕ ಕೂರಿ. ವೀಕ್ಷಣೆ ನಮೂನೆಯನ್ನು ಆಫೀಸಿನಲ್ಲೇ ಇಟ್ಟು ಬನ್ನಿ, ಅದನ್ನು ಇನ್ನೊಂದು ದಿನ ತುಂಬಬಹುದು. ಮೇಷ್ಟ್ರು ಏನು ಮಾಡಿದರು ಅಂತ ಬರೆಯಬೇಡಿ. ಮಕ್ಕಳು ಏನು ಅಂದರು ಅಂತ ಬರೆಯಿರಿ, ಅವರ ಮಾತಿನಲ್ಲೇ. ಮಾತನ್ನು ಹಿಡಿಯುವುದರಲ್ಲಿ ಕನ್ನಡ ಮೇಡಂಗಿಂತ ಪಳಗಿದವರು ಯಾರಿದ್ದಾರೆ? ಮುಗಿದ ಮೇಲೆ ಮೂವರು ಮಕ್ಕಳನ್ನು ಕೇಳಿ: "ಏನು ನೋಡಿದೆ? ಯಾಕೆ ಹಾಗಾಯ್ತು ಅನ್ಸುತ್ತೆ?" ಮೂವರಲ್ಲಿ ಒಬ್ಬರಾದರೂ ಹಿಂದಿನ ಸಾಲಿನವರಿರಲಿ.

ಇನ್ನೊಂದು ಸಣ್ಣ ಲೆಕ್ಕ. ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತಾರೆ ನೋಡಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ವಿಜ್ಞಾನ ತರಗತಿಗಳಲ್ಲಿ ಇದನ್ನು ಅಳೆದರು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಮಾತನಾಡಿದರು. ಖರ್ಚಿಲ್ಲದ ಬದಲಾವಣೆ. ಆದರೆ ಮೂರು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನಿಮ್ಮ ಕನ್ನಡ ಪಾಠದಲ್ಲೇ ಮೊದಲು ಪ್ರಯತ್ನಿಸಿ ನೋಡಿ.

ಸಂಜೆ ಮೇಷ್ಟ್ರ ಜೊತೆ ಕೂತಾಗ ಆ ಮಕ್ಕಳ ಮಾತುಗಳನ್ನು ಓದಿ ಹೇಳಿ. ತೀರ್ಪು ಕೊಡಬೇಡಿ. "ಮೂವರಲ್ಲಿ ಇಬ್ಬರು ಮೊಳೆಗೆ ತುಕ್ಕು ಹಿಡಿಯಿತು ಅಂದ್ರು ಸಾರ್. ನನಗೂ ಮೊದಲು ಹಾಗೇ ಅನ್ನಿಸ್ತು." ಇಷ್ಟು ಸಾಕು, ಮುಂದಿನದು ಅವರೇ ಹೇಳುತ್ತಾರೆ.

ಇದರಲ್ಲಿ ಅಪಾಯ ಇಲ್ಲವೇ? ಇದೆ. ಮೇಷ್ಟ್ರೇ ತಪ್ಪು ಹೇಳಿದರೆ ನಿಮಗೆ ಗೊತ್ತಾಗದಿರಬಹುದು. ನಿಮ್ಮಿಬ್ಬರಿಗೂ ಒಂದೇ ತಪ್ಪು ಸರಿ ಎನಿಸಿಬಿಡಬಹುದು. ಅದಕ್ಕೇ ಶಾಲೆಯ ಹೊರಗಿನ ಒಂದು ಕಣ್ಣು ಬೇಕು. ಸುತ್ತಮುತ್ತಲ ಮೂರು ನಾಲ್ಕು ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ಮತ್ತು ಎಚ್.ಎಂ.ಗಳು ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಸೇರಿ. ಒಬ್ಬ ಪಿಸಿಎಂ ಮೇಷ್ಟ್ರು ಇರಲೇಬೇಕು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನವರನ್ನೋ ವಿಷಯ ಪರಿವೀಕ್ಷಕರನ್ನೋ ಕರೆಯಿರಿ, ಭಾಷಣಕ್ಕಲ್ಲ, ಜೊತೆಗೆ ಪ್ರಯೋಗ ಮಾಡಲು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮ ಮೂವತ್ತು ವರ್ಷ ನಡೆಯಿತು. ಅದರ ಬೆನ್ನೆಲುಬು ಇದ್ದದ್ದು ಇಂಥ ಮಾಸಿಕ ಸಭೆಗಳಲ್ಲೇ. ತರಗತಿಯಲ್ಲಿ ಕೈಕೊಟ್ಟ ಪ್ರಯೋಗವನ್ನು ಶಿಕ್ಷಕರು ಅಲ್ಲಿಗೆ ತಂದು ಮತ್ತೆ ಮಾಡುತ್ತಿದ್ದರು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು, ಅದು ಬೇರೆ ಕಥೆ. ನಮ್ಮ ಸಭೆಗಳು ಕೆಡುವುದು ಬೇರೆ ರೀತಿ. ಮೊದಲ ಅರ್ಧ ಗಂಟೆ ಸುತ್ತೋಲೆ ಓದುತ್ತಾರೆ, ಆಮೇಲೆ ಟೀ, ಆಮೇಲೆ ಬಸ್ಸಿನ ಟೈಮ್. ಸುತ್ತೋಲೆ ಓದಬಾರದು ಅಂತ ಮೊದಲೇ ಮಾತಾಗಲಿ.

ಹತ್ತನೇ ತರಗತಿಯಲ್ಲಿ ಈ ವರ್ಷ ಜಾಸ್ತಿ ಸಾಹಸ ಬೇಡ. ವಿಜ್ಞಾನದ ನೂರು ಅಂಕದಲ್ಲಿ 80 ಬರವಣಿಗೆಯದು. ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟನ್ನೇ ಕಲಿಸುವುದು), ಚಿತ್ರ ಬಿಡಿಸಿ ಭಾಗ ಗುರುತಿಸುವ ಅಭ್ಯಾಸ ಇವನ್ನೆಲ್ಲ ನಾನು ಇಷ್ಟಪಡುವವನಲ್ಲ. ಆದರೂ ಡಿಸೆಂಬರ್ ಆದ ಮೇಲೆ ಅವನ್ನು ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಫೇಲಾದ ಮಗುವಿಗೆ ನನ್ನ ತತ್ವ ಊಟ ಹಾಕಲ್ಲ. ಹೊಸ ರೀತಿಯನ್ನು ಎಂಟು, ಒಂಬತ್ತರಲ್ಲಿ ಶುರು ಮಾಡಿ. ಫಲಿತಾಂಶದಲ್ಲಿ ಅದು ಕಾಣಲು ಎರಡು ವರ್ಷ ಬೇಕು. ಅಷ್ಟರೊಳಗೆ ನಿಮಗೆ ವರ್ಗಾವಣೆ ಆಗಲೂಬಹುದು. ಹಾಗಾಗಿ ಏನು ಮಾಡಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಮೇಷ್ಟ್ರ ಕೈಯಿಂದಲೇ ಬರೆಸಿಡಿ.

ಇಷ್ಟೆಲ್ಲ ಮಾಡಿಯೂ ಮೇಷ್ಟ್ರು ಬಗ್ಗದಿದ್ದರೆ? ಒಂದು ಟರ್ಮ್ ಕಾಯಿರಿ. ಬಗ್ಗದವರೂ ಇದ್ದಾರೆ, ನಾನು ನೋಡಿದ್ದೇನೆ. ಆಗ ಪಿಸಿಎಂ ಮೇಷ್ಟ್ರಿಗೆ ಭೌತಶಾಸ್ತ್ರದ ಅಧ್ಯಾಯಗಳನ್ನು ಹಂಚುವ ದಾರಿ ಇದೆ. ಅದಕ್ಕೆ ಬದಲಾಗಿ ನಿಮ್ಮ ಸಿಬಿಝಡ್ ಮೇಷ್ಟ್ರು ಎಂಟನೇ ತರಗತಿಯ ಗಣಿತ ತೆಗೆದುಕೊಳ್ಳಲು ಒಪ್ಪಬೇಕಾಗುತ್ತದೆ, ಎಲ್ಲರೂ ಒಪ್ಪುವುದಿಲ್ಲ. ನೋಟಿಸ್ ಕೊಡುವುದು ಕೊನೆಯದು. ಕೊಟ್ಟ ಮೇಲೆ ಆ ತರಗತಿಯಲ್ಲಿ ನೀವು ಮಕ್ಕಳ ಪಕ್ಕ ಕೂರುವ ಕಾಲ ಮುಗಿಯಿತು ಅಂತಲೇ ತಿಳಿಯಿರಿ.

ಇನ್ನು ದಾನಿಗಳ ಸ್ಮಾರ್ಟ್ ಬೋರ್ಡ್. ಬೇಡ ಅನ್ನಬೇಡಿ. ಆದರೆ ನಿಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ಅವರಿಗೂ ಗೊತ್ತಿರುತ್ತದೆ. ಯುಪಿಎಸ್ ಇಲ್ಲದೆ, ಕೆಟ್ಟಾಗ ರಿಪೇರಿಗೆ ಯಾರು ಬರುತ್ತಾರೆ ಅಂತ ಬರೆಸಿಕೊಳ್ಳದೆ ತೆಗೆದುಕೊಂಡರೆ ಅದಕ್ಕೂ ಒಂದು ಬೀಗ ಬೀಳುತ್ತದೆ. ನನ್ನನ್ನು ಕೇಳಿದರೆ ಮೊದಲು ಇದನ್ನು ಕೇಳಿ: ನಲವತ್ತು ಸೆಲ್, ನಲವತ್ತು ಬಲ್ಬ್, ಒಂದು ಸುತ್ತು ವೈರ್, ನಾಲ್ಕು ಮಲ್ಟಿಮೀಟರ್, ಒಂದು ಮಳೆಮಾಪಕ, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಸ್ಮಾರ್ಟ್ ಬೋರ್ಡಿನ ಬೆಲೆಯ ಹತ್ತಿರಕ್ಕೂ ಇದು ಹೋಗುವುದಿಲ್ಲ.

ಬೀರು ತೆಗೆಯುವಾಗ ಮೇಷ್ಟ್ರೂ ಜೊತೆಗಿರಲಿ. ಹಳೇ ಆಸಿಡ್ ಬಾಟಲಿಗಳು, ಲೇಬಲ್ ಹೋದ ಡಬ್ಬಿಗಳು, ಸೀಮೆಎಣ್ಣೆ ಆರಿಹೋದ ಸೋಡಿಯಂ ಬಾಟಲಿ ಇರಬಹುದು. ಮಕ್ಕಳ ಕೈಯಲ್ಲಿ ಕ್ಲೀನ್ ಮಾಡಿಸಬೇಡಿ. ಏನೆಂದು ಗೊತ್ತಿಲ್ಲದ ಬಾಟಲಿಯನ್ನು ಸಿಂಕಿಗೂ ಸುರಿಯಬೇಡಿ, ತೋಟದ ಗುಂಡಿಗೂ ಹಾಕಬೇಡಿ. ಪಕ್ಕಕ್ಕೆ ಎತ್ತಿಟ್ಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕರೆಸಿ ತೋರಿಸಿ.